ಎದುರು ಬೀಳುತ್ತಿದ್ದ ಒಂದು ಮತ

ವರ್ಷಕ್ಕೊಮ್ಮೆ ತಪ್ಪದೆ ಬೀಳುತ್ತಿದ್ದ ಆ ಒಂದು ವಿರೋಧ ಮತ ಯಾರದು ಎಂಬ ಪ್ರಶ್ನೆಗೆ, ಮತ ಎಣಿಸುವ ರಾದ್ಕಾಳಲ್ಲೂ ಉತ್ತರವಿರಲಿಲ್ಲ. ಪ್ಲೊವ್ದಿವ್ ನಗರದ ಒಗ್ನ್ಯಾನ್, ಗ್ರಂಥಾಲಯಗಳಿಗೆಂದು ಸ್ವಯಂಸೇವಕರೇ ಬರೆದು ಹಂಚುತ್ತಿದ್ದ ಮುಕ್ತ ತಂತ್ರಾಂಶದ ತಂಡಕ್ಕೆ ವರ್ಷವರ್ಷವೂ ಚುನಾಯಿತನಾಗುವ ಮುಖ್ಯಸ್ಥ. ಬಸ್ಸಿನಲ್ಲಿ ಜೋತಾಡುವಾಗಲೂ, ಹಲ್ಲಿನ ವೈದ್ಯರೆದುರು ಬಾಯಿ ತೆರೆದು ಒರಗಿದಾಗಲೂ, ದೂರಿದವರಿಗೆಲ್ಲ "ಕ್ಷಮಿಸಿ, ಈಗಲೇ ನೋಡುತ್ತೇನೆ" ಎಂದು ಬರೆಯುತ್ತಿದ್ದವನು. ಪ್ರತಿ ವಸಂತದಲ್ಲೂ "ನನಗೆ ಸಾಕಾಗಿದೆ, ಈ ಸಲ ಬೇರೆ ಯಾರಾದರೂ ನಿಲ್ಲಿ" ಎಂದು ಎಲ್ಲರಿಗೂ ಪತ್ರ ಹಾಕುವನು. ಅದಕ್ಕೆ ನಲವತ್ತು ಚಪ್ಪಾಳೆಯ ಚಿತ್ರಗಳು ಬರುತ್ತಿದ್ದವೇ ಹೊರತು ಒಂದು ಹೆಸರೂ ಬರುತ್ತಿರಲಿಲ್ಲ. ಕಡೆಯ ದಿನ, ಕೆಲಸವೇ ನಿಂತುಹೋದೀತೆಂದು ಅಂಜಿ, ತಾನೇ ನಿಲ್ಲುವನು. ಫಲಿತಾಂಶ ಪ್ರತಿಸಲವೂ ಒಂದೇ: ಉಳಿದೆಲ್ಲರೂ ಪರ, 'ಇವರು ಬೇಡ' ಎಂದು ಒಂದೇ ಮತ. "ಯಾರೋ ಅದು, ನಿನ್ನ ಶತ್ರು?" ಎಂದು ರಾದ್ಕಾ ಕೆಣಕಿದರೆ, "ಶತ್ರು ಅನ್ಬೇಡ ಕಣೇ, ನಿಮ್ಮೆಲ್ಲರಲ್ಲಿ ನನ್ ಮೇಲೆ ಕರುಣೆ ಇರೋದು ಅವನೊಬ್ಬನಿಗೇ" ಎನ್ನುವನು, ಎಲ್ಲರೂ ನಗುವರು. ಒಂಬತ್ತನೆಯ ಗೆಲುವಿನ ಬೇಸಿಗೆಯಲ್ಲಿ, ಉತ್ತರಿಸದೆ ಉಳಿದ ಮುನ್ನೂರು ದೂರುಗಳೆದುರು, ಕುರ್ಚಿಯಲ್ಲೇ ತೀರಿಕೊಂಡ. ತಂಗಿ ತಂದುಕೊಟ್ಟ ಅವನ ಡೈರಿಯಲ್ಲಿ, ಮತ ಹಾಕಿದವನಿಗೆ ಮಾತ್ರ ಗುಟ್ಟಾಗಿ ತಿಳಿಸುವ ಸಂಖ್ಯೆಗಳಿದ್ದವು. ಒಂಬತ್ತು ಸಲವೂ ಅವನಿಗೇ ಮತ ಹಾಕಿದ್ದ ರಾದ್ಕಾ, ಅವನ್ನು, ಹೆಸರಿಲ್ಲದೆ ಸಂಖ್ಯೆಯ ಮುಂದೆ ಮತವಷ್ಟೇ ಬರೆದಿದ್ದ ಹಳೆಯ ಪಟ್ಟಿಗಳೊಡನೆ ತಾಳೆ ನೋಡಿದಳು: ಒಂಬತ್ತು ಸಲವೂ 'ಇವರು ಬೇಡ' ಎಂದವನು ಒಗ್ನ್ಯಾನನೇ.