ಕಡಲ ಗಾಳಿಗೆ ಕಾದು ಕುಳಿತ ಸಂಜೀವಯ್ಯನವರು

ನಮ್ಮ ಮೈಸೂರು ಸಂಸ್ಥಾನದಲ್ಲಿ ಗಾಲ್ಫ್ ಆಡುವವರು ಕೆಲವರು, ಚೆನ್ನಾಗಿ ಆಡುವವರು ಅವರಲ್ಲೂ ಕೆಲವರು, ಚೆನ್ನಾಗಿ ಆಡುತ್ತೇವೆಂದು ಹೇಳಿಕೊಳ್ಳುವವರು ಮಾತ್ರ ಲೆಕ್ಕಕ್ಕೆ ಸಿಗದಷ್ಟು ಮಂದಿ. ಈ ಮೂರು ಪಂಗಡಕ್ಕೂ ಸೇರದೆ, ಇಪ್ಪತ್ತೆಂಟು ವರ್ಷಗಳ ಸೇವೆಯಲ್ಲಿ ಒಂದೇ ಒಂದು ಚೆಂಡನ್ನೂ ಹೊಡೆಯದೆ, ಆ ಆಟದ ದೊಡ್ಡ ಎದುರಾಳಿಯಾದ ಗಾಳಿಯನ್ನು ಮಾತ್ರ ಅಂಗೈ ಗೆರೆಯಂತೆ ಓದಬಲ್ಲವರೆಂದರೆ ಮಧುಗಿರಿಯ ಬಯಲು ವಿಹಾರ ಸಂಘದ ಮೈದಾನದ ಮೇಸ್ತ್ರಿ ಶ್ರೀ ಸಂಜೀವಯ್ಯನವರು. ಇಷ್ಟು ಕಾಲ ‘ಲೇ ಸಂಜೀವ’ ಎಂದು ಕೂಗಿದ ನಾಲಿಗೆಗಳೇ ಇಂದು ‘ಶ್ರೀ’ ಸೇರಿಸಿ, ‘ಅವರು’ ಹಚ್ಚಿ, ಅವರ ನಿವೃತ್ತಿಗೆ ಗ್ರಂಥವನ್ನೇ ಅರ್ಪಿಸುತ್ತಿರುವುದು ತಡವಾದರೂ ಸಂತೋಷದ ಸಂಗತಿ. ತಡವಾದದ್ದು ನಮ್ಮ ತಪ್ಪು. ಅದನ್ನೂ ಇಲ್ಲೇ ಒಪ್ಪಿಕೊಂಡುಬಿಡುವುದು ಮರ್ಯಾದೆ.

ಕೊರಟಗೆರೆ ತಾಲ್ಲೂಕಿನ ಕೊಳಾಲದ ಒಕ್ಕಲು ಮನೆತನದಲ್ಲಿ ಹುಟ್ಟಿದ ಸಂಜೀವಯ್ಯನವರಿಗೆ ಅಕ್ಷರಕ್ಕಿಂತ ಮೊದಲು ಒಲಿದದ್ದು ಕಣ. ರಾಗಿ ತೂರುವ ಕಾಲ ಬಂದರೆ ಸುತ್ತಲ ನಾಲ್ಕು ಹಳ್ಳಿಯವರು ಅವರ ತಂದೆಯನ್ನು ಕರೆಯಲು ಬರುತ್ತಿದ್ದರಂತೆ. ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ, ಗಾಳಿಯ ಕಡೆಗೆ ಹೆಗಲು ಕೊಟ್ಟು ನಿಂತು, ಕಾಳು ಕಾಲ ಬಳಿಯೂ ಹೊಟ್ಟು ಆಚೆಯೂ ಬೀಳುವಂತೆ ಸುರಿಯುವ ಆ ವಿದ್ಯೆಯಲ್ಲಿ ಮಗ ತಂದೆಯನ್ನು ಬೇಗನೆ ಮೀರಿಸಿದರು. ಗಾಳಿ ನಿಂತರೆ ತೂರುವವನು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರಬೇಕು, ಬೇಸತ್ತು ಎದ್ದು ಸುರಿದವನ ರಾಶಿಯಲ್ಲಿ ಹೊಟ್ಟೇ ತುಂಬಿರುತ್ತದೆ ಎಂಬುದು ಅವರ ಮನೆಯ ಮೊದಲ ಪಾಠವಾಗಿತ್ತು.

ಸಾವಿರದ ಒಂಬೈನೂರ ಹದಿನೆಂಟರಲ್ಲಿ ನಮ್ಮ ಸಂಘದವರು ಊರಾಚೆಯ ಕಲ್ಲುಬಯಲಿನಲ್ಲಿ ಒಂಬತ್ತು ಕುಳಿಗಳ ಗಾಲ್ಫ್ ಮೈದಾನ ಮಾಡಲು ಹೊರಟಾಗ, ಕಲ್ಲು ಆಯಲು ಬಂದ ಕೂಲಿಗಳ ಜೊತೆ ಸಂಜೀವಯ್ಯನವರೂ ಬಂದರು. ಕೂಲಿಗಳೆಲ್ಲ ಹೋದರು, ಇವರು ಉಳಿದರು. ಹುಲ್ಲು ಹಿಡಿಯದ ನಮ್ಮ ನೆಲದಲ್ಲಿ ಕುಳಿಗಳ ಸುತ್ತ ಎಣ್ಣೆ ಬೆರೆಸಿದ ಮರಳನ್ನು ಹಾಸಬೇಕಾಗಿತ್ತು. ಒಬ್ಬ ಆಟಗಾರ ದಾಟಿಹೋದ ಮೇಲೆ ಅವನ ಹೆಜ್ಜೆಗುರುತು ಅಳಿಸುವಂತೆ ಗುಡಿಸದಿದ್ದರೆ ಮುಂದಿನವನ ಚೆಂಡು ಅಡ್ಡಾದಿಡ್ಡಿ ಓಡುತ್ತಿತ್ತು. ಈ ಕೆಲಸವನ್ನು ಅವರು ಮನೆಯ ಮುಂದಿನ ಅಂಗಳ ಎಂಬಂತೆ ಮಾಡಿದರು. ಕಣ್ಣು ಮಂಜಾದ ಮೇಲೂ ಆಟ ಬಿಡಲೊಲ್ಲದ ನಿವೃತ್ತ ಶೇಕದಾರ ರುದ್ರಯ್ಯನವರು ಬೆಳಿಗ್ಗೆ ಬೆಳಿಗ್ಗೆ ಬಂದು ನಿಂತರೆ, ಅವರ ತೋಳು ಹಿಡಿದು ನಡೆಸಿ, ‘ಇಲ್ಲಿಗೆ ಬಿತ್ತು ಬುದ್ಧಿ, ಬಾವುಟ ಎಡಗಡೀಕದೆ’ ಎಂದು ಒಂಬತ್ತು ಕುಳಿಗಳನ್ನೂ ಆಡಿಸಿ ಕಳಿಸುತ್ತಿದ್ದರು. ಆರು ವರ್ಷ ಹೀಗೆ ನಡೆಯಿತು. ರುದ್ರಯ್ಯನವರ ಆಟ ಆ ಕಾಲದಲ್ಲಿ ಸುಧಾರಿಸಿತೆಂದು ಹೇಳುವವರಿದ್ದಾರೆ, ಸಂಜೀವಯ್ಯನವರು ಏಟುಗಳನ್ನು ಎಣಿಸುವುದರಲ್ಲಿ ಕೊಂಚ ಉದಾರಿಗಳಾಗಿದ್ದರೆಂದೂ ಕೇಳಿದ್ದೇವೆ.

ಆಷಾಢದಲ್ಲಿ ಪಾವಗಡದ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಗಳು ಕೂಡ ನಮ್ಮ ಬಯಲಿನ ಗಾಳಿಗೆ ಟೋಪಿ ಹಿಡಿದುಕೊಳ್ಳುತ್ತಿದ್ದರು. ಅಲ್ಲಿನ ನಿಡುಗಲ್ಲಿನ ಬೆಟ್ಟದ ಗಾಳಿಯನ್ನು ಉಂಡು ಬಂದವರೇ ಹಾಗೆ ಮಾಡಿದ ಮೇಲೆ ಉಳಿದವರ ಪಾಡೇನು! ಆಗ ಸಂಜೀವಯ್ಯನವರು ಸೊಂಟದ ಚೀಲದಿಂದ ಒಂದು ಚಿಟಿಕೆ ರಾಗಿ, ಒಂದು ಚಿಟಿಕೆ ಹೊಟ್ಟು ತೆಗೆದು ಒಟ್ಟಿಗೆ ಬಿಡುತ್ತಿದ್ದರು. ಕಾಳಿಗೂ ಹೊಟ್ಟಿಗೂ ನಡುವೆ ಎಷ್ಟು ಗೇಣು ಅಂತರವಾಯಿತೆಂದು ನೋಡಿ, ಚೆಂಡು ಹೊಡೆಯಲು ತಕ್ಕ ಕೋಲನ್ನು ಆರಿಸಿ ಕೊಡುತ್ತಿದ್ದರು. “ಎದುರು ಗಾಳಿ ಮ್ಯಾಲೆ ಕ್ವಾಪ ಮಾಡ್ಕೋಬ್ಯಾಡಿ ಬುದ್ಧಿ, ದೊಡ್ಡ ಕೋಲು ತಗಂಡು ಮೆಲ್ಲಗೆ ಹೊಡೀರಿ. ಜೋರಾಗಿ ಹೊಡೆದ್ರೆ ಚೆಂಡು ಮ್ಯಾಕ್ ಹೋಯ್ತದೆ, ಅಲ್ಲಿ ಗಾಳಿ ಕಾಯ್ಕಂಡ್ ಕುಂತದೆ” ಎನ್ನುತ್ತಿದ್ದರು. ಇದನ್ನು ಕೇಳಿದವರ ಆಟ ಕುದುರಿತು. ಕೇಳದವರು ಮುಳ್ಳುಮೆಳೆಯಲ್ಲಿ ಚೆಂಡು ಹುಡುಕಿದರು.

ಈಗ ಸಾವಿರದ ಒಂಬೈನೂರ ಮೂವತ್ತೆರಡರ ಆ ಸಂಗತಿಗೆ ಬರೋಣ. ಅದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಪಶ್ಚಿಮ ಕಡಲ ದಂಡೆಯ ಮೈದಾನವೊಂದರಲ್ಲಿ ವರ್ಷಕ್ಕೊಮ್ಮೆ ಹತ್ತು ಸಂಘಗಳ ಪಂದ್ಯ ನಡೆಯುತ್ತಿತ್ತು. ಸಂಘಕ್ಕೊಬ್ಬ ಆಟಗಾರ, ದಿನಕ್ಕೆ ಹದಿನೆಂಟು ಕುಳಿಯಂತೆ ಎರಡು ದಿನದ ಆಟ, ಏಟು ಕಡಿಮೆಯಾದವನೇ ಮೇಲು. ಹಿಂದಿನ ಎರಡು ವರ್ಷವೂ ನಮ್ಮ ಸಂಘ ಹತ್ತನೆಯದಾಗಿ ಬಂದಿತ್ತು. ಆಗಿನ ಅಧ್ಯಕ್ಷರಾದ ಶಂಕರಲಿಂಗಪ್ಪನವರು ಟೆನಿಸ್ ಪ್ರಿಯರು. “ಈ ಸಲಾನೂ ಬಾಲ ಹಿಡ್ಕೊಂಡು ಬಂದ್ರೆ ಆ ಎಣ್ಣೆಮರಳೆಲ್ಲ ಬಾಚಿಸಿ ಟೆನಿಸ್ ಅಂಗಳ ಮಾಡಿಸ್ತೀನಿ. ಊರೂರಿಗೆ ಹೋಗಿ ಮಾನ ಕಳಕೊಂಡಿದ್ದು ಸಾಕು” ಎಂದು ಸಭೆಯಲ್ಲಿ ಗುಡುಗಿದರು. ಬಾಗಿಲ ಬಳಿ ನಿಂತಿದ್ದ ಸಂಜೀವಯ್ಯನವರ ಕಿವಿಗೆ ಅದು ಬಿತ್ತು. ಹದಿನಾಲ್ಕು ವರ್ಷ ಕೈಯಾರೆ ಕಲ್ಲು ಕಿತ್ತು ಮಾಡಿದ ನೆಲ! ಅಂದು ಅವರು ಮನೆಯಲ್ಲಿ ಮುದ್ದೆ ಮುಟ್ಟಲಿಲ್ಲವೆಂದು ಅವರ ಪತ್ನಿ ಹನುಮಕ್ಕನವರೇ ಹೇಳಿದ್ದಾರೆ.

ನಮ್ಮ ಪರವಾಗಿ ಆಡಲು ಹೊರಟವರು ಸಂಘದ ಕಾರ್ಯದರ್ಶಿ, ಅಸಿಸ್ಟೆಂಟ್ ಇಂಜಿನಿಯರ್ ಚಂದ್ರಶೇಖರಯ್ಯನವರು. ಕೋಲುಗಳ ಚೀಲ ಹೊತ್ತು ಅವರ ಹಿಂದೆ ಸಂಜೀವಯ್ಯನವರು. ಅದುವರೆಗೂ ಸಮುದ್ರವನ್ನು ಕಾಣದಿದ್ದ ಸಂಜೀವಯ್ಯನವರು ರೈಲಿಳಿದು ಮರಳಿನ ಮೇಲೆ ನಿಂತಾಗ ನೀರಿನ ಕಡೆ ನೋಡಲೇ ಇಲ್ಲವಂತೆ. ಮೊದಲು ಚೀಲ ಬಿಚ್ಚಿ ಹೊಟ್ಟು ಬಿಟ್ಟರು. ಹೊಟ್ಟು ಸಮುದ್ರದ ಕಡೆಗೆ ಹಾರಿತು. ಅದು ಮೂಡಲ ಗಾಳಿ, ಪುಷ್ಯಮಾಸದಲ್ಲಿ ಕೊಳಾಲದ ಕಣದ ಮೇಲೆ ಬೀಸುವಂಥದೇ. “ನಮ್ಮೂರ್ ಗಾಳೀನೇ ಕಣ್ ಬುದ್ಧಿ! ಇಲ್ಲಿಗೂ ಬಂದ್ಬುಟ್ಟದೆ!” ಎಂದು ಅವರು ಹಿಗ್ಗಿದರು. ಎಡವಟ್ಟಾದದ್ದು ಅಲ್ಲೇ.

ಆ ಮೈದಾನದ ಮೊದಲ ಒಂಬತ್ತು ಕುಳಿಗಳು ಪಡುವಣಕ್ಕೆ, ಸಮುದ್ರದೊಳಗೆ ಚಾಚಿದ ಭೂಶಿರದ ಕಡೆಗೆ ಸಾಗುತ್ತವೆ. ಉಳಿದ ಒಂಬತ್ತು, ಕೊನೆಯದೊಂದನ್ನು ಬಿಟ್ಟು, ಮೂಡಣಕ್ಕೆ ಮರಳುತ್ತವೆ. ಬೆಳಿಗ್ಗೆ ಮೂಡಲ ಗಾಳಿ ಬೆನ್ನಿಗಿದ್ದುದರಿಂದ ಹೋಗುವಾಗ ಆಟ ಹೂವಿನಂತೆ ಸಾಗಿತು. ಬರುವಾಗ ಗಾಳಿ ಎದುರಾಗುತ್ತದೆಂದು ಸಂಜೀವಯ್ಯನವರು ದೊಡ್ಡ ಕೋಲನ್ನೇ ಕೊಡುತ್ತ ಹೋದರು. ಹತ್ತರಿಂದ ಹನ್ನೆರಡರವರೆಗಿನ ಕುಳಿಗಳು ಗಾಳಿಮರದ ತೋಪಿನ ಮರೆಯಲ್ಲಿದ್ದವು. ಕೆಳಗೆ ಎಲೆ ಅಲುಗುತ್ತಿರಲಿಲ್ಲ. ನಮ್ಮ ಕಡೆ ಆ ಮಾಸದಲ್ಲಿ ಬೆಳಿಗ್ಗೆ ಎದ್ದ ಗಾಳಿ ಸಂಜೆ ಮಲಗುವವರೆಗೂ ದಿಕ್ಕು ಬದಲಿಸುವುದಿಲ್ಲ. ಹಾಗಾಗಿ ಅವರು ಚೀಲಕ್ಕೆ ಕೈಹಾಕಲೇ ಇಲ್ಲ. ಆದರೆ ಮಧ್ಯಾಹ್ನ ಸಮೀಪಿಸುತ್ತಲೇ ಕಡಲ ಗಾಳಿ ಎದ್ದು, ಮರಗಳ ನೆತ್ತಿಯ ಮೇಲೆ ಹಿಂದಿನಿಂದ ನುಗ್ಗುತ್ತಿತ್ತು. ಚಂದ್ರಶೇಖರಯ್ಯನವರ ಚೆಂಡುಗಳು ಬಾವುಟಗಳನ್ನು ದಾಟಿ, ಮರಳುಗುಂಡಿಗಳನ್ನು ದಾಟಿ, ಎಲ್ಲೆಲ್ಲಿಗೋ ಹೋಗಿ ಬಿದ್ದವು. ಮೂರು ಕುಳಿಗಳಲ್ಲಿ ಒಂಬತ್ತು ಏಟು ನಷ್ಟವಾಯಿತು. ಸಂಜೆ ಪಟ್ಟಿ ಹಾಕಿದಾಗ ಮಧುಗಿರಿ ಹತ್ತನೆಯದು.

ಪಟ್ಟಿ ನೋಡಿ ಮೊದಲು ಮಾತೆತ್ತಿದವರು ಸಂಜೀವಯ್ಯನವರೇ.

“ನಿಮ್ ತೆಪ್ಪಲ್ಲ ಬುದ್ಧಿ, ನಾನೇ ಕೆಡಿಸ್ಬುಟ್ಟೆ. ಪರಸ್ಥಳದ ಗಾಳೀನ ನಮ್ಮೂರ್ದು ಅಂದ್ಕಂಡೆ. ನಾಳೀಕೆ ಚೀಲ ಹೊರಾಕೆ ಬ್ಯಾರೆಯೋರ್ನ ನೋಡ್ಕಳಿ.”

“ಗಾಳಿ ತಿರುಗಿದ್ದು ಎಷ್ಟು ಹೊತ್ತಿಗೆ?”

“ಬಾವುಟದ ಕಂಬದ ನೆಳ್ಳು ಮೊಣಕಾಲುದ್ದ ಆಗಿತ್ತು.”

“ಅಷ್ಟು ಗೊತ್ತಿರೋನು ಇಲ್ಲಿ ಇನ್ಯಾರಿದ್ದಾರೆ? ಚೀಲ ನೀನೇ ಹೊರಬೇಕು” ಎಂದರು ಚಂದ್ರಶೇಖರಯ್ಯನವರು. ಆ ಒಂದು ಮಾತಿಗಾಗಿ ಅವರಿಗೂ ಪ್ರತ್ಯೇಕವಾಗಿ ಒಂದು ಗ್ರಂಥ ಬರಬೇಕಾದದ್ದೇ.

ಎರಡನೆಯ ದಿನ ಹಿಂದುಳಿದವರು ಮೊದಲು ಹೊರಡುವ ನಿಯಮವಿತ್ತು. ಎಂಟೂವರೆಗೆ ಹೊರಟ ನಮ್ಮವರು ಬೆನ್ನ ಗಾಳಿಯಲ್ಲಿ ಒಂಬತ್ತು ಕುಳಿಗಳನ್ನು ಚೆನ್ನಾಗಿಯೇ ಆಡಿ ಭೂಶಿರದ ಗುಡಿಸಲನ್ನು ತಲುಪಿದಾಗ ಇನ್ನೂ ಹತ್ತೂವರೆ. ಅಲ್ಲಿ ಆಟಗಾರರು ಕಾಫಿ ಕುಡಿದು ಹೆಚ್ಚೆಂದರೆ ಒಂದು ಗಂಟೆ ಕಾಲ ದಣಿವಾರಿಸಿಕೊಳ್ಳಬಹುದಾಗಿತ್ತು. ಒಂದು ನಿಮಿಷ ಮೀರಿದರೂ ಆಟದಿಂದ ಹೊರಕ್ಕೆ. ನಮ್ಮ ಹಿಂದೆ ಬಂದವರು ಹತ್ತು ನಿಮಿಷದಲ್ಲಿ ಕಾಫಿ ಮುಗಿಸಿ ಎದುರು ಗಾಳಿಗೆ ತಲೆ ಕೊಟ್ಟು ಹೊರಟರು. ಸಂಜೀವಯ್ಯನವರು ಚೀಲವನ್ನು ಕೆಳಗಿಟ್ಟು ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟರು.

“ಕುಂತ್ಕಳಿ ಬುದ್ಧಿ. ಇವತ್ತು ಕಾಯೋದೇ ಆಟ.”

ಒಬ್ಬರು ದಾಟಿ ಹೋದರು. ಇನ್ನೊಬ್ಬರು ನಕ್ಕು ದಾಟಿ ಹೋದರು. ಪಟ್ಟಿಯಲ್ಲಿ ನಮಗಿಂತ ಒಂದೇ ಮೆಟ್ಟಿಲು ಮೇಲಿದ್ದ ಒಂಬತ್ತನೆಯವರು ಅವರೆಲ್ಲರಿಗಿಂತ ಮೊದಲೇ, ‘ಮಧುಗಿರಿಯವರಿಗೆ ಕಾಫಿ ಬಹಳ ರುಚಿಸಿದಂತಿದೆ’ ಎಂದು ಚುಚ್ಚಿ ಹೋಗಿದ್ದರು. ಚಂದ್ರಶೇಖರಯ್ಯನವರು ನಾಲ್ಕನೆಯ ಲೋಟ ಕುಡಿದರು. ನಲವತ್ತನೆಯ ನಿಮಿಷಕ್ಕೆ ಮೂಡಲ ಗಾಳಿ ಸತ್ತಿತು. ಬಾವುಟ ಒದ್ದೆ ಬಟ್ಟೆಯಂತೆ ಜೋತುಬಿದ್ದಿತು.

“ಗಾಳಿಯೇ ಇಲ್ಲ, ಇದಕ್ಕಿಂತ ಒಳ್ಳೆ ಹೊತ್ತು ಬೇಕೇನಯ್ಯ? ಏಳು!” ಎಂದು ಅವರು ಕೋಲು ಹಿಡಿದರು.

“ಇದೇ ಕೆಟ್ ಹೊತ್ತು ಬುದ್ಧಿ! ಚೆಂಡು ಮ್ಯಾಲಿರುವಾಗ ಎತ್ಲಾಗೆದ್ದಾತು ಅಂತ ಯಾರಿಗ್ಗೊತ್ತು? ನಿನ್ನೆ ಇಂಗೇ ಅಲ್ವಾ ಕೆಟ್ಟಿದ್ದು?”

ಐವತ್ತು ನಿಮಿಷವಾಯಿತು. ಪಂದ್ಯದ ಅಧಿಕಾರಿ ಗಡಿಯಾರ ತೆಗೆದು ಅಂಗೈಯಲ್ಲಿಟ್ಟುಕೊಂಡ. ಐವತ್ತೈದಾಯಿತು. ಸಂಜೀವಯ್ಯನವರು ನಿಮಿಷಕ್ಕೊಮ್ಮೆ ಹೊಟ್ಟು ಬಿಡುತ್ತಿದ್ದರು. ಅದು ನೆಟ್ಟಗೆ ಪಾದದ ಮೇಲೆ ಬೀಳುತ್ತಿತ್ತು. ತಾವು ಮತ್ತೆ ತಪ್ಪಿದ್ದರೆ ಊರಿಗೆ ಹೋಗಿ ಯಾವ ಮುಖದಿಂದ ಆ ನೆಲದ ಮೇಲೆ ಕಾಲಿಡುವುದು ಎಂಬ ಚಿಂತೆ ಅವರಿಗೆ. ಐವತ್ತೇಳನೆಯ ನಿಮಿಷಕ್ಕೆ ಬಿಟ್ಟ ಹೊಟ್ಟು ಒಂದು ಗೇಣು ಸರಿದು ಒಳನಾಡಿನ ಕಡೆಗೆ, ಮೂಡಣಕ್ಕೆ ಬಿತ್ತು. ಮುಂದಿನದು ಒಂದು ಮೊಳ.

“ಬಂದ್ಬುಡ್ತು ಬುದ್ಧಿ, ಬಂದ್ಬುಡ್ತು! ಸಣ್ ಕೋಲು ತಗಳಿ, ಎತ್ತರಕ್ಕೊಡೀರಿ, ಉಳಿದಿದ್ದು ಅದೇ ಹೊತ್ಕಂಡ್ ಹೋಯ್ತದೆ!”

ಹೊತ್ತುಕೊಂಡೇ ಹೋಯಿತು! ನಿನ್ನೆ ಮುಳುಗಿಸಿದ ಗಾಳಿಯೇ ಇಂದು ಚೆಂಡನ್ನು ಎತ್ತಿ ಎತ್ತಿ ಬಾವುಟದ ಇದಿರಿಗೆ ಇಳಿಸಿತು. ತೋಪಿನ ಮರೆಯ ಮೂರು ಕುಳಿಗಳಲ್ಲಿ ಕೆಳಗಿನ ನಿಶ್ಶಬ್ದವನ್ನು ನಂಬದೆ, ಮರದ ನೆತ್ತಿಯನ್ನು ನೋಡಿ ಕೋಲು ಆರಿಸಿದರು. ಹದಿನೇಳು ಮುಗಿಯುವಷ್ಟರಲ್ಲಿ ಲೆಕ್ಕ ಹೀಗೆ ನಿಂತಿತ್ತು: ಎದುರು ಗಾಳಿಯಲ್ಲಿ ಹೆಣಗಾಡಿ ಆಗಲೇ ಆಟ ಮುಗಿಸಿದ್ದ ಒಂಬತ್ತನೆಯವರನ್ನು ಹಿಂದೆ ಹಾಕಲು ನಮ್ಮವರು ಕೊನೆಯ ಕುಳಿಯನ್ನು ನಾಲ್ಕೇ ಏಟಿನಲ್ಲಿ ಮುಗಿಸಬೇಕು.

ಆ ಕೊನೆಯ ಕುಳಿ ದಂಡೆಯುದ್ದಕ್ಕೂ ಬಡಗಣಕ್ಕೆ ಓಡುತ್ತದೆ. ಎಡಕ್ಕೆ ಸಮುದ್ರ, ಬಲಕ್ಕೆ ಕೇದಗೆಯ ಮೆಳೆ. ಗಾಳಿ ಎಡದಿಂದ ಅಡ್ಡಲಾಗಿ ರಭಸದಿಂದ ಬೀಸುತ್ತಿತ್ತು. ನೇರ ಹೊಡೆದರೆ ಚೆಂಡು ಮೆಳೆಯ ಪಾಲು. ಸಂಜೀವಯ್ಯನವರು ಹೊಟ್ಟು ಬಿಟ್ಟರು, ಕಾಳು ಬಿಟ್ಟರು, ಎರಡು ಸಲ ನೋಡಿದರು. ಆಮೇಲೆ ಕೈಯನ್ನು ನೀರಿನ ಮೇಲಕ್ಕೆ ಚಾಚಿದರು.

“ಆ ದೋಣಿ ಮ್ಯಾಲೆ ಹೊಡೀರಿ ಬುದ್ಧಿ.”

“ಸಮುದ್ರಕ್ಕಾ?”

“ಸಮುದ್ರುಕ್ಕೇ. ಗಾಳಿ ತಂದ್ಕೊಡ್ತದೆ.”

ನಿನ್ನೆಯಷ್ಟೇ ತಪ್ಪಿದ ಬಾಯಿಂದ ಇಂದು ಈ ಮಾತು! ಚಂದ್ರಶೇಖರಯ್ಯನವರು ಒಮ್ಮೆ ಅವರ ಮುಖ ನೋಡಿದರು, ಒಮ್ಮೆ ದೋಣಿ ನೋಡಿದರು, ಹೊಡೆದರು. ಚೆಂಡು ದಡ ಬಿಟ್ಟು ತೆರೆಗಳ ಮೇಲೆ ಹೋಯಿತು. ನೆರೆದವರು ಅಯ್ಯೋ ಎಂದರು. ಗಾಳಿ ಅದಕ್ಕೆ ಹೆಗಲು ಕೊಟ್ಟಿತು; ಚೆಂಡು ನಿಧಾನವಾಗಿ ಬಾಗಿ, ದಡದ ಕಡೆ ತಿರುಗಿ, ಹುಲ್ಲಿನ ನಟ್ಟನಡುವೆ ಬಿದ್ದು ಉರುಳಿತು. ಎರಡನೆಯ ಏಟಿಗೆ ಬಾವುಟದ ಬಳಿ, ಮೂರನೆಯದಕ್ಕೆ ಕುಳಿಯ ಅಂಚಿಗೆ, ನಾಲ್ಕನೆಯದಕ್ಕೆ ಒಳಕ್ಕೆ. ಸಂಜೀವಯ್ಯನವರು ಚೀಲ ಬಿಸಾಡಿ ಅಸಿಸ್ಟೆಂಟ್ ಇಂಜಿನಿಯರರನ್ನು ಅನಾಮತ್ತಾಗಿ ಮೇಲೆತ್ತಿಬಿಟ್ಟರು.

ಹತ್ತರಲ್ಲಿ ಒಂಬತ್ತನೆಯ ಸ್ಥಾನ! ಬಹುಮಾನದ ಬಟ್ಟಲು ಗೆದ್ದವರು ಕೂಡ ಅಷ್ಟು ಕುಣಿದಿರಲಾರರು. ತಂತಿ ತಲುಪಿದಾಗ ಶಂಕರಲಿಂಗಪ್ಪನವರು ಎರಡು ಸಲ ಓದಿ, ‘ಸರಿ, ಟೆನಿಸ್ ಅಂಗಳಕ್ಕೆ ಬೇರೆ ಜಾಗ ನೋಡಿ’ ಎಂದರು. ಮಧುಗಿರಿಗೆ ಬಂದಿಳಿದ ಸಂಜೀವಯ್ಯನವರು ಮನೆಗೂ ಹೋಗದೆ ಮೈದಾನಕ್ಕೆ ಹೋಗಿ, ಒಂಬತ್ತು ಮರಳಂಗಳಗಳನ್ನೂ ಗುಡಿಸಿ, ಕೊನೆಯದರ ಪಕ್ಕ ಕುಳಿತು ಅತ್ತರು.

ಆಮೇಲಿನ ಹದಿನಾಲ್ಕು ವರ್ಷಗಳಲ್ಲಿ ಸಿರಾದಿಂದ, ಪಾವಗಡದಿಂದ ಎಷ್ಟೋ ಮಂದಿ ಬಂದು ಅವರ ಬಳಿ ಗಾಳಿಯ ಪಾಠ ಹೇಳಿಸಿಕೊಂಡು ಹೋದರು. ಯಾರಿಗೂ ಅವರು ಇಲ್ಲವೆನ್ನಲಿಲ್ಲ. ಕಳೆದ ತಿಂಗಳ ಬೀಳ್ಕೊಡುಗೆಯ ಸಭೆಯಲ್ಲಿ, ಈಗ ಅಧ್ಯಕ್ಷರಾಗಿರುವ ಚಂದ್ರಶೇಖರಯ್ಯನವರು ಸಂಜೀವಯ್ಯನವರನ್ನು ಸಂಘದ ಆಜೀವ ಸದಸ್ಯರನ್ನಾಗಿ ಮಾಡಿರುವುದಾಗಿ ಸಾರಿದರು. ಚಪ್ಪಾಳೆ ನಿಂತ ಮೇಲೆ ಸಂಜೀವಯ್ಯನವರು ಎದ್ದು ನಿಂತರು.

“ಸದಸ್ಯರು ಅಂದ್ರೆ ಆಡೋರು ತಾನೇ ಬುದ್ಧಿ?”

“ಹೌದು ಸಂಜೀವಯ್ಯ. ಇನ್ನು ನೀವು ಆಡೋರು.”

“ಅಂಗಾರೆ ನಾನ್ ಆಡಿದ್ ಮ್ಯಾಲೆ ಮರಳು ಗುಡಿಸೋರ್ಯಾರು?”

ಚಂದ್ರಶೇಖರಯ್ಯನವರು ಕೊರಳ ಹಾರವನ್ನು ತೆಗೆದು ಮೇಜಿನ ಮೇಲಿಟ್ಟು, ಮೂಲೆಯಲ್ಲಿದ್ದ ಪೊರಕೆಯನ್ನು ಕೈಗೆತ್ತಿಕೊಂಡು ಮೈದಾನದ ಕಡೆಗೆ ನಡೆದರು. ನಾವೆಲ್ಲ ಹಿಂದೆ ಹೊರಟೆವು. ಅರುವತ್ತು ದಾಟಿದ ಸಂಜೀವಯ್ಯನವರು ಜೀವಮಾನದ ಮೊದಲ ಏಟನ್ನು ಬೀಸಿದರು; ಕೋಲು ಗಾಳಿಗಷ್ಟೇ ತಗುಲಿತು. ಎರಡನೆಯದೂ ಹಾಗೆಯೇ ಆಯಿತು. ಮೂರನೆಯದಕ್ಕೆ ಚೆಂಡು ಹಾರಿತು, ಅವರು ಬಾಯಿ ತೆರೆದು ಅದರ ಹಿಂದೆ ಓಡಿದರು.

ಭಗವಂತನು ಅವರಿಗೆ ನೂರು ವರ್ಷ ಗಟ್ಟಿಯಾದ ಮೈಯನ್ನೂ, ಹನುಮಕ್ಕನವರಿಗೆ ಅವರನ್ನು ಊಟಕ್ಕೆ ಕರೆದು ಕರೆದು ದಣಿಯದ ಕೊರಳನ್ನೂ ಕರುಣಿಸಲಿ. ಸಂಜೀವಯ್ಯನವರು ದಿನವೂ ಆಡಲಿ, ಮನಸೋ ಇಚ್ಛೆ ಹೆಜ್ಜೆಗುರುತು ಮೂಡಿಸುತ್ತ ನಡೆಯಲಿ. ಪೊರಕೆ ಹಿಡಿಯಲು ನಾವು ಸದಸ್ಯರು ಸರದಿಯ ಪಟ್ಟಿ ಹಾಕಿಕೊಂಡಿದ್ದೇವೆ.