ಕಂಪ್ಯೂಟರಿನ ಲಕ್ಷ್ಮಿಯನ್ನು ಕಳಿಸಿಕೊಟ್ಟದ್ದು

ನಾನು ಮದುವೆಯಾಗಿ ಬ್ಯಾಡಗಿಗೆ ಬಂದ ಎರಡನೇ ವರ್ಷ ಮನೆಗೆ ಕಂಪ್ಯೂಟರ್ ಬಂತು. ಅದನ್ನು ನನಗಿಂತ ಹೆಚ್ಚಿನ ಮರ್ಯಾದೆಯಿಂದ ಬರಮಾಡಿಕೊಂಡರು. ಪಡಸಾಲೆಯ ಪಕ್ಕದ ಕೋಣೆ ಅದಕ್ಕೆ, ಹೊಸ ಫ್ಯಾನು ಅದಕ್ಕೆ, ಜರಿ ಅಂಚಿನ ಹೊದಿಕೆಯೂ ಅದಕ್ಕೇ. ತವರೂರು ಹಾವೇರಿಯಲ್ಲಿ ನಾನು ಡಿಟಿಪಿ ಕಲಿತಿದ್ದೆನಾದ್ದರಿಂದ, ಲಗ್ನಪತ್ರಿಕೆಗಳನ್ನು ಟೈಪ್ ಮಾಡಿ ರಾಣೆಬೆನ್ನೂರಿನ ಪ್ರೆಸ್ಸಿಗೆ ಕಳಿಸುವ ಕೆಲಸ ಶುರುಮಾಡಿದೆ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ರೊಟ್ಟಿ ಬಡಿಯುವಾಗಲೂ ಯಾರ ಹೆಸರನ್ನು ಯಾವ ಸಾಲಿಗೆ ತರಬೇಕು ಎಂದೇ ಯೋಚಿಸುತ್ತಿದ್ದೆ.

ಮಾವ ಮೆಣಸಿನಕಾಯಿ ದಲಾಲಿ ಅಂಗಡಿಯನ್ನು ನನ್ನ ಗಂಡನಿಗೆ ಒಪ್ಪಿಸಿ ಮನೆಯಲ್ಲಿ ಕೂತಿದ್ದರು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜದ ಸದ್ದು ಕೇಳಿಯೇ ಅದು ಒಣಗಿದೆಯೋ ಇಲ್ಲವೋ ಹೇಳುವವರು. ಅದೇ ಧೈರ್ಯದಿಂದ ಕಂಪ್ಯೂಟರಿಗೂ ಕಿವಿಗೊಟ್ಟು, "ಆರೋಗ್ಯ ಐತಿ" ಎಂದು ತೀರ್ಪು ಕೊಡುತ್ತಿದ್ದರು.

ಶ್ರಾವಣದಲ್ಲಿ ಪರದೆಯ ಮೇಲೆ ಲಕ್ಷ್ಮಿ ಬಂದು ಕೂತಳು. ಎರಡು ನಿಮಿಷ ಮೌಸ್ ಮುಟ್ಟದಿದ್ದರೆ ಸಾಕು, ಅವಳ ಚಿತ್ರ ಮೂಡಿ, ದೀಪ ತೂಗಿ, ಗಂಟೆ ಮೊಳಗುತ್ತಿತ್ತು. ಗಂಟೆ ಕೇಳಿದಾಗಲೆಲ್ಲ ಅತ್ತೆ ಅಡುಗೆಮನೆಯಿಂದಲೇ ಕೈಮುಗಿಯುತ್ತಿದ್ದರು. ಯಾರು ಹಾಕಿದರು ಎಂದು ಕೇಳಿದೆ. "ಆಕಿ ಇಚ್ಛಾ, ಬಂದಾಳ" ಎಂದರು ಮಾವ.

ಅದಾದ ಮೇಲೆ ಯಂತ್ರ ಏದುಸಿರು ಬಿಡತೊಡಗಿತು. ಒಂದು ಅಕ್ಷರ ಒತ್ತಿ ಅದು ಮೂಡುವವರೆಗೆ ಕಾಯಬೇಕು. ಕರೆಯದೆಯೇ ಕಿಟಕಿಗಳು ತೆರೆದುಕೊಂಡು ಇಸ್ಪೀಟು, ಜೂಜು, ಅರೆಬಟ್ಟೆಯ ಹೆಂಗಸರು. ಒಂದು ದಿನ ಮೇಡ್ಲೇರಿಯ ಹಿರಿಯರೊಬ್ಬರು ಮಗಳ ಪತ್ರಿಕೆಗೆಂದು ಬಂದು ಪಕ್ಕದಲ್ಲಿ ಕೂತಿದ್ದರು. ನಾನು ಅವರ ಮನೆದೇವರ ಹೆಸರು ಟೈಪ್ ಮಾಡುತ್ತಿದ್ದಂತೆ ಅದರ ಮೇಲೆಯೇ ಒಬ್ಬಳು ಮಲಗಿದಳು. ಹಿರಿಯರು ಥಟ್ಟನೆ ಫ್ಯಾನು ನೋಡತೊಡಗಿದರು.

"ಇದನ್ನೂ ಪತ್ರಿಕ್ಯಾಗ ಹಾಕ್ತೀರೇನ್ರಿ?" ಎಂದು ಕೇಳಿ, ಅರಿಶಿನ ಹಚ್ಚಿದ ತಮ್ಮ ಹಾಳೆ ಮಡಚಿಕೊಂಡು ಹೋಗಿಬಿಟ್ಟರು.

ಮಾವನ ವಿಚಾರಣೆ ಚುಟುಕಾಗಿ ಮುಗಿಯಿತು. "ಮಂದಿ ಏನ್ ನೋಡ್ತಾರ, ಅದ ತಿರುಗಿ ಬರತೈತಿ. ಕಂಪ್ಯೂಟರಿನ ಮುಂದ ಕುಂದ್ರಾಕಿ ನೀ ಒಬ್ಬಾಕಿ. ದೀಪಾವಳಿ ಅಮಾಸಿತನಕ ನೋಡ್ತೀನಿ. ಸುದ್ದ ಆಗಲಿಲ್ಲಂದ್ರ ಈ ಪತ್ರಿಕಿ ಕೆಲಸ ಬಂದ್!" ಅಂದೇ ಮಾನಿಟರನ್ನು ಬಾಗಿಲ ಕಡೆ ತಿರುಗಿಸಿದರು. ತಮ್ಮ ಕುರ್ಚಿಯನ್ನು ಕೋಣೆಯೊಳಗೆ ತಂದು ನನ್ನ ಬೆನ್ನ ಹಿಂದೆ ಹಾಕಿಕೊಂಡರು. ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ.

ರಾಣೆಬೆನ್ನೂರಿನ ರಿಪೇರಿಯವನಿಗೆ ಫೋನ್ ಮಾಡಿದೆ. "ಫಾರ್ಮ್ಯಾಟ್ ಹೊಡದಬಿಡೂಣ್ರಿ" ಎಂದ. ತಲೆನೋವೆಂದರೂ ಸೈ, ಹೊಟ್ಟೆನೋವೆಂದರೂ ಸೈ, ಅವನದು ಅದೊಂದೇ ಔಷಧ. ಹಾಗೆ ಮಾಡಿದರೆ ನನ್ನ ಲಗ್ನಪತ್ರಿಕೆಗಳೆಲ್ಲ ಅಳಿಸಿಹೋಗುತ್ತಿದ್ದವು. ಬೇಡವೆಂದು, ಅಲ್ಲಿನ ಬಸ್ ಸ್ಟ್ಯಾಂಡಿನಿಂದ ಸಿ.ಡಿ. ಇಟ್ಟು ಮಾರುವ ಕಂಪ್ಯೂಟರ್ ಪತ್ರಿಕೆಯೊಂದನ್ನು ತರಿಸಿದೆ. ನಮಗೆ ತಿಳಿಯದಂತೆ ಒಳಗೆ ಕೂತು, ನಾವು ನೋಡಿದ್ದನ್ನೆಲ್ಲ ಹೊರಗಿನವರಿಗೆ ವರದಿ ಮಾಡುವ ಪ್ರೋಗ್ರಾಮಿಗೆ ಸ್ಪೈವೇರ್ ಅನ್ನುತ್ತಾರೆಂದು ಅದರಲ್ಲಿ ಓದಿದೆ. ಬೆನ್ನ ಹಿಂದಿನ ಕುರ್ಚಿಯಲ್ಲಿ ಮಾವ ಕೆಮ್ಮಿದರು.

ಅಮಾವಾಸ್ಯೆಗೆ ಮೂರು ದಿನವಿತ್ತು, ಶುಕ್ರವಾರ. ಪತ್ರಿಕೆ ಹೇಳಿದಂತೆ ಇಂಟರ್ನೆಟ್ ಬರುವ ಫೋನಿನ ವೈರು ಕಿತ್ತು, ಕಂಪ್ಯೂಟರನ್ನು ಅತ್ಯಗತ್ಯದ್ದಷ್ಟೇ ಓಡುವ ಸೇಫ್ ಮೋಡಿನಲ್ಲಿ ಶುರುಮಾಡಿ, ಸಿ.ಡಿ.ಯಲ್ಲಿದ್ದ ತಪಾಸಣೆಯ ಪ್ರೋಗ್ರಾಂ ಹಚ್ಚಿದೆ. ಬೇಳೆ ಬೇಯುವಷ್ಟು ಹೊತ್ತು ಹುಡುಕಿ ಅದು ಕೆಂಪು ಸಾಲುಗಳನ್ನು ತೋರಿಸಿತು. ಎಲ್ಲಕ್ಕಿಂತ ಮೇಲೆ ಲಕ್ಷ್ಮಿಯ ಸ್ಕ್ರೀನ್‌ಸೇವರ್ ಇತ್ತು. ಉಳಿದವೆಲ್ಲ ಅದರ ಜೊತೆಗೆ ಬಂದ ಪರಿವಾರ.

"ದೇವರ ಚಿತ್ರದ ಹಿಂದ ಅಡಗೇತ್ರಿ ಮಾವಾರ. ತಗೀಬೇಕು" ಎಂದೆ.

ಅತ್ತೆ ಸೌಟು ಹಿಡಿದೇ ಓಡಿಬಂದರು. "ಶುಕ್ರವಾರ ದಿನ, ಮುತ್ತೈದಿ ಕೈಲೆ ಲಕ್ಷ್ಮೀನ್ನ ಅಳಸ್ತಿಯೇನ ನಮ್ಮವ್ವಾ?"

ನಾನು ಕೈ ಹಿಂದೆ ತೆಗೆದೆ. ದೇವರನ್ನು ಡಿಲೀಟ್ ಮಾಡುವುದು ಹೇಗೆ ಎಂದು ಪತ್ರಿಕೆಯಲ್ಲಿ ಬರೆದಿರಲಿಲ್ಲ. ಎರಡು ದಿನ ಮನೆಯಲ್ಲಿ ಇದೇ ಚರ್ಚೆ. ಕೊನೆಗೆ ಅತ್ತೆಯೇ ದಾರಿ ಹುಡುಕಿದರು: ಗಣಪತಿಯನ್ನು ಕಳಿಸುವುದಿಲ್ಲವೆ, ಹಾಗೆಯೇ ಪೂಜೆ ಮಾಡಿ ಕಳಿಸುವುದು. "ಮತ್ತೆ ಬಾ" ಅನ್ನುವುದೊಂದನ್ನು ಮಾತ್ರ ಬಿಡಿರೆಂದು ಬೇಡಿಕೊಂಡೆ.

ಭಾನುವಾರ ಬೆಳಿಗ್ಗೆ ಮಾನಿಟರಿಗೆ ಕುಂಕುಮ, ಹೂವು, ಹೋಳಿಗೆಯ ನೈವೇದ್ಯ. ಅಕ್ಷತೆಯ ಕಾಳುಗಳು ಕೀಬೋರ್ಡಿನ ಸಂದಿಗಿಳಿದವು. ಮನೆಯ ಯಜಮಾನರೆಂದು ಮಾವ ಮೌಸ್ ಹಿಡಿದರು. ಒಂದು ನಿಮಿಷ ತಡೆಯಲು ಹೇಳಿ ನಾನು ಫೈಲಿನ ವಿವರ ತೆರೆದೆ. ಅದು ಬಂದ ತಾರೀಖು ನೋಡಿಕೊಳ್ಳಬೇಕು, ಅದೇ ದಿನ ಬಂದ ಬೇರೆಯವೂ ಸಿಗುತ್ತವೆ ಎಂದು ಓದಿದ್ದೆ.

"ಯಾವತ್ತ ಬಂದಾಳ ಅನ್ನೂದೂ ಗೊತ್ತಾಗತೈತೇನು?" ಎಂದರು ಅತ್ತೆ. ತಾರೀಖು ಓದಿದೆ. ಅವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಕ್ಯಾಲೆಂಡರ್ ಗೊತ್ತಿತ್ತು. ಗೋಡೆಯ ಮೇಲಿನದರ ಹಾಳೆಗಳನ್ನು ಹಿಂದಕ್ಕೆ ಸರಿಸಿ ಬೆರಳಿಟ್ಟರು.

"ಇದು ನಾಗರಪಂಚಮಿ."

ಪಂಚಮಿಗೆ ನಮ್ಮ ಕಡೆ ಯಾವ ಸೊಸೆಯೂ ಅತ್ತೆಮನೆಯಲ್ಲಿ ಉಳಿಯುವುದಿಲ್ಲ. ನಾನು ಹಾವೇರಿಯಲ್ಲಿ ಉಂಡಿ ತಿನ್ನುತ್ತ ಜೋಕಾಲಿ ಜೀಕುತ್ತಿದ್ದೆ. ಗಂಡನೂ ನನ್ನ ಜೊತೆಗೇ ಇದ್ದರು.

"ಇವರಿಬ್ಬರೂ ಊರಾಗ ಇರಲಿಲ್ಲ. ನನಗ ಇದನ್ನ ಹಚ್ಚಾಕೂ ಬರೂದಿಲ್ಲ, ಆರಸಾಕೂ ಬರೂದಿಲ್ಲ" ಎಂದು ಅತ್ತೆ ಮಾವನ ಕಡೆ ನೋಡಿದರು.

ಮಾವ ಡಿಲೀಟ್ ಒತ್ತಿದರು. ಪರಿವಾರವೂ ಹೋಯಿತು. ಕಂಪ್ಯೂಟರನ್ನು ಮತ್ತೆ ಶುರುಮಾಡಿ ಇನ್ನೊಮ್ಮೆ ತಪಾಸಣೆ ಹಚ್ಚಿದೆ, ಒಂದೂ ಕೆಂಪು ಸಾಲಿಲ್ಲ. ತಪ್ಪು ಒಪ್ಪುವ ಒಂದು ಮಾತು ಬರುತ್ತದೇನೋ ಎಂದು ಕಾದೆ. "ಮೋಡ ಆಗೇತಿ" ಎಂದರು ಮಾವ, ಹೊರಗೆ ನೋಡುತ್ತ. ಕುರ್ಚಿ ಇದ್ದಲ್ಲೇ ಇತ್ತು. ಆ ರಾತ್ರಿ ನನಗೆ ಅಳು ಬಂತು.

ಹಬ್ಬ ಮುಗಿದ ಮರುದಿನ ಮೇಡ್ಲೇರಿಯ ಹಿರಿಯರು ಹಾಳೆ ಹಿಡಿದು ತಾವಾಗಿಯೇ ಬಂದರು. ಮಾವ ಎಂದಿನಂತೆ ನನ್ನ ಹಿಂದೆ ಕೂತಿದ್ದರು.

"ಪ್ಯಾಟ್ಯಾಗ ನಿಮ್ಮ ಮಾವಾರು ಭೆಟ್ಟಿ ಆಗಿದ್ರವಾ. ಒಳಗ ಅಡಗಿದ್ದ ಕಳ್ಳನ್ನ ತಾವ ಹುಡುಕಿ ತಗದ್ರಂತಲ್ಲ! ಬಾಳ ಶಾಣ್ಯಾ ಬಿಡ್ರಿ" ಎಂದರು.

ನಾನು ತಿರುಗಿ ನೋಡಿದೆ. ಈ ಸಲ ಫ್ಯಾನು ನೋಡುವ ಸರದಿ ಮಾವನದಾಗಿತ್ತು.

"ಹೌದ್ರಿ" ಎಂದೆ. "ತಂದಾವ್ರೂ ಅವರ, ತಗದಾವ್ರೂ ಅವರ."

ಹಿರಿಯರಿಗೆ ಅರ್ಥವಾಗಲಿಲ್ಲ, ಹಾಳೆ ಬಿಚ್ಚಿ ಹೆಸರು ಹೇಳತೊಡಗಿದರು. ಮಾವ ಎದ್ದರು. ಕುರ್ಚಿಯನ್ನು ತಾವೇ ಎತ್ತಿಕೊಂಡು ಪಡಸಾಲೆಗೆ ಹೋದರು. ನಾನು ಮಾನಿಟರನ್ನು ನನ್ನ ಕಡೆ ತಿರುಗಿಸಿಕೊಂಡು, ಮೊದಲ ಸಾಲಿನಲ್ಲಿ ಹಿರಿಯರ ಮನೆದೇವರ ಹೆಸರು ಟೈಪ್ ಮಾಡಿದೆ.