ಗುಡ್ಡಪ್ಪ ಮೇಸ್ತ್ರಿಯ ಒಂಬತ್ತು ಕಿಲೋಮೀಟರ್

ಮಳೆ ಬಂದರೆ ಊರೆಲ್ಲ ಸೂರಿನ ಕೆಳಗೆ ಓಡುತ್ತದೆ. ಗುಡ್ಡಪ್ಪ ಮೇಸ್ತ್ರಿ ರಸ್ತೆಗೆ ಓಡುತ್ತಿದ್ದರು. ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಮೊಣಕಾಲಿಗೆ ಎತ್ತಿ ಕಟ್ಟಿದ ಧೋತರ, ಹೆಗಲ ಮೇಲೆ ಸಲಿಕೆ. ಬ್ಯಾಡಗಿಯಿಂದ ಕದರಮಂಡಲಗಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂಬತ್ತು ಕಿಲೋಮೀಟರ್ ಅವರದು. ಕೈಕೆಳಗೆ ನಾಲ್ಕು ಜನರ ಗ್ಯಾಂಗು. ನಮ್ಮ ಇಲಾಖೆಯ ಏಣಿಯಲ್ಲಿ ಅವರು ನಿಂತದ್ದು ಕೊನೆಯ ಮೆಟ್ಟಿಲಿಗಿಂತ ಒಂದೇ ಮೆಟ್ಟಿಲು ಮೇಲೆ. ನಾನು ಅವರಿಗೆ ಮೇಲಧಿಕಾರಿ, ಎಂಜಿನಿಯರ್. ಆದರೆ ರಸ್ತೆಯ ಬಗ್ಗೆ ನನಗೆ ತಿಳಿದದ್ದರಲ್ಲಿ ಕೆಲಸಕ್ಕೆ ಬರುವಂಥದ್ದನ್ನೆಲ್ಲ ಕಲಿಸಿದವರು ಅವರು.

ನಾನು ಹಾವೇರಿಯಿಂದ ಬ್ಯಾಡಗಿಗೆ ವರ್ಗವಾಗಿ ಬಂದ ಹೊಸತು. ಜೋರು ಮಳೆಯಲ್ಲಿ ಜೀಪಿನಲ್ಲಿ ಹೋಗುತ್ತಿದ್ದಾಗ ರಸ್ತೆಯ ನಡುವೆ ಒಂದು ಗೊಬ್ಬರದ ಚೀಲ ಕೈ ಅಡ್ಡ ಹಿಡಿದು ನಿಂತಿತ್ತು. ಚೀಲದೊಳಗೆ ಮೇಸ್ತ್ರಿ ಇದ್ದರು.

"ಇಳೀರಿ ಬಾಯಾರ," ಎಂದರು. ಮೇಡಂ ಎನ್ನುವ ಕಡೆ ಅವರು ಬಾಯಾರ ಎನ್ನುತ್ತಿದ್ದರು. "ಜೀಪಿನ್ಯಾಗ ಕುಂತ ನೋಡಿದ್ರ ಬಿದ್ದ ತೆಗ್ಗು ಅಷ್ಟ ಕಾಣತಾವು. ಮುಂದ ಎಲ್ಲಿ ಬೀಳತಾವು ಅನ್ನೋದು ಕಾಣಂಗಿಲ್ಲ. ರೋಡಿನ ಜಾತಕಾ ಮಳ್ಯಾಗ ಓದಬೇಕ್ರಿ."

ಹೊಸ ಚಪ್ಪಲಿ, ಹೊಸ ಹುದ್ದೆ ಎರಡನ್ನೂ ನೆನೆಸಿಕೊಂಡು ಅರ್ಧ ಕಿಲೋಮೀಟರ್ ನಡೆದೆ. ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ, ರಸ್ತೆಯ ಅಡಿ ನೀರು ದಾಟಿಸುವ ಯಾವ ಮೋರಿಯ ಬಾಯಿಗೆ ಕಸ ಕಟ್ಟಿದೆ ಎಂದು ತೋರಿಸುತ್ತ ಹೋದರು. ಅಲ್ಲಿನದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಮೇಲಿನ ಡಾಂಬರು ಎಷ್ಟೇ ದಪ್ಪವಿದ್ದರೂ ಅದರ ಆಟ ನಡೆಯುವುದಿಲ್ಲ. "ಗಾಡಿಯಿಂದ ರೋಡ್ ಸಾಯಂಗಿಲ್ರಿ. ನೀರಿನಿಂದ ಸಾಯತೈತಿ," ಎಂಬುದು ಅವರ ಮಾತು. ಮೆಣಸಿನಕಾಯಿ ಸುಗ್ಗಿಯಲ್ಲಿ ಲಾರಿಗಳ ಸಾಲು ನೋಡಿ ನಾವೆಲ್ಲ ಹೆದರಿದರೆ, ಅವರು ಲಾರಿಗಳ ಕಡೆ ತಲೆಯೆತ್ತಿಯೂ ನೋಡದೆ ಗಟಾರ ಬಳಿಯುತ್ತಿದ್ದರು.

ಗಟಾರದ ವಿಷಯದಲ್ಲಿ ಅವರಿಗೆ ನೆಂಟರೂ ಇರಲಿಲ್ಲ, ಇಷ್ಟರೂ ಇರಲಿಲ್ಲ. ಆ ಕಡೆಯ ರೈತರಿಗೆ ಒಂದು ಚಾಳಿ: ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಲು ಗಟಾರಕ್ಕೆ ಎರಡು ಟ್ರಾಲಿ ಮಣ್ಣು ಸುರಿದು ದಾರಿ ಮಾಡಿಕೊಳ್ಳುತ್ತಾರೆ. ಒಂದು ಸಲ ಹೀಗೆ ಸುರಿದವರು ಮೇಸ್ತ್ರಿಯ ಸ್ವಂತ ಬೀಗರು, ಮಗಳ ಮಾವ. ಮಗಳು ಏಳು ತಿಂಗಳ ಬಸುರಿ, ಕುಬಸದ ಕಾರ್ಯಕ್ಕೆ, ಅಂದರೆ ಸೀಮಂತಕ್ಕೆ, ಎರಡೇ ದಿನ ಉಳಿದಿತ್ತು. ಮೇಸ್ತ್ರಿ ಹಿಂದೆ ಮುಂದೆ ನೋಡದೆ ಗ್ಯಾಂಗು ಕರೆದುಕೊಂಡು ಹೋಗಿ ಮಣ್ಣು ಅಗೆದು ಅವರದೇ ಬದುವಿಗೆ ಹಾಕಿದರು. ಎಲ್ಲೋ ಕಾಪಾಡಿ ಇಟ್ಟಿದ್ದ ಹಳೆಯ ಸಿಮೆಂಟ್ ಪೈಪೊಂದನ್ನು ತಂದು ಗಟಾರದಲ್ಲಿ ಕೂಡಿಸಿ, ಮೇಲೆ ದಾರಿಯನ್ನೂ ಮಾಡಿಕೊಟ್ಟರು. ಆದರೂ ಬೀಗರು ಕಾರ್ಯದ ದಿನ ಇವರೊಂದಿಗೆ ಮಾತನಾಡಲಿಲ್ಲ, ಮೊಮ್ಮಗ ಹುಟ್ಟಿ ನಡೆಯುವ ತನಕವೂ ಮಾತನಾಡಲಿಲ್ಲ. ನಾನು ಕೇಳಿದರೆ, "ಬೀಗತನಾ ಮನಿಯಾಗ್ರಿ, ಗಟಾರ ರೋಡಿನ್ಯಾಗ. ಎರಡೂ ಕೂಡಿಸಿದ್ರ ನೀರು ಎಲ್ಲಿ ಹೋಗಬೇಕು?" ಎಂದರು.

ಇಂಥವರ ಕೈಯಲ್ಲಿದ್ದ ರಸ್ತೆ ಚೆನ್ನಾಗಿಯೇ ಇತ್ತು. ಶನಿವಾರ ಆಂಜನೇಯನ ದರ್ಶನಕ್ಕೆ ಕದರಮಂಡಲಗಿಗೆ ಹೋಗುವವರು ಆ ಒಂಬತ್ತು ಕಿಲೋಮೀಟರ್ ಬಂದೊಡನೆ ನಿದ್ದೆ ಹೋಗುತ್ತಿದ್ದರು ಎಂದು ಬಸ್ಸಿನ ಕಂಡಕ್ಟರ್ ಒಬ್ಬ ನನಗೆ ಹೇಳಿದ್ದ. ಹಾಗೆ ಚೆನ್ನಾಗಿದ್ದುದೇ ಅದಕ್ಕೆ ಮುಳುವಾಯಿತು, ಮುಳುವಾಗಲು ನನ್ನ ಕೈಯೂ ಸೇರಿತು.

ಪ್ರತಿ ವರ್ಷ ನಾವು ಒಂದು ತಖ್ತೆ ತುಂಬಿ ಕಳಿಸಬೇಕು. ಯಾವ ರಸ್ತೆಯ ಯಾವ ಕಿಲೋಮೀಟರ್ ಯಾವ ಸ್ಥಿತಿಯಲ್ಲಿದೆ: ಉತ್ತಮ, ಸಾಧಾರಣ, ಕೆಟ್ಟಿದೆ. ಅದನ್ನು ನೋಡಿ ಮೇಲಿನವರು ನಿರ್ವಹಣೆಯ ಹಣ ಹಂಚುತ್ತಾರೆ. ಆ ವರ್ಷ ಮೇಸ್ತ್ರಿಯ ಒಂಬತ್ತೂ ಸಾಲುಗಳ ಎದುರು ನಾನು ಹೆಮ್ಮೆಯಿಂದ 'ಉತ್ತಮ' ಎಂದು ಬರೆಯುತ್ತಿದ್ದೆ. ಅವರು ಟೇಬಲ್ಲಿನ ಎದುರು ನಿಂತು ನೋಡುತ್ತಿದ್ದರು.

"ಬಾಯಾರ, ನನ್ನ ರೋಡಿಗೆ ಚಲೋ ಅಂತ ಬರೀಬ್ಯಾಡ್ರಿ."

"ಯಾಕ್ರಿ ಮೇಸ್ತ್ರಿ? ಚಲೋ ಇಲ್ಲೇನು?"

"ಚಲೋ ಐತಿ. ಅದಕ್ಕ ಬ್ಯಾಡ ಅನ್ನಾಕತ್ತೇನಿ. ಅಳೋ ಕೂಸಿಗಷ್ಟ ಹಾಲು ಕೊಡತಾರ್ರಿ. ನನ್ನ ರೋಡ್ ಅಳಾಕತ್ತಿಲ್ಲ. ಕೆಟ್ಟೈತಿ ಅಂತ ಬರೀರಿ, ನಾ ಅದನ್ನ ಕೆಡಲಾರದಂಗ ನೋಡ್ಕೋತೇನಿ."

ನಾನು ನಕ್ಕೆ. ಸುಳ್ಳು ಬರೆಯುವುದು ಹೇಗೆ, ನಾಳೆ ಯಾರಾದರೂ ತಪಾಸಣೆಗೆ ಬಂದರೆ ಏನು ಹೇಳಲಿ ಎಂದೆ. ಅವರು ಮತ್ತೆ ಒತ್ತಾಯ ಮಾಡಲಿಲ್ಲ. "ನಿಮ್ಮ ಖುಷಿರಿ," ಎಂದು ಸಲಿಕೆ ಹೆಗಲಿಗೇರಿಸಿ ಹೋದರು. ಆ ನಗುವಿಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಎರಡು ತಿಂಗಳಲ್ಲಿ ಆದೇಶ ಬಂತು. ಇದ್ದ ಹಣ ಕಡಿಮೆ, ಆದ್ದರಿಂದ ಕೆಟ್ಟ ರಸ್ತೆಗಳಿಗೆ ಮೊದಲ ಆದ್ಯತೆ. ಉತ್ತಮ ರಸ್ತೆಗಳಿಗೆ ಈ ಸಾಲಿನಲ್ಲಿ ಏನೂ ಇಲ್ಲ. ಕೆಲಸವಿಲ್ಲದ ರಸ್ತೆಗೆ ಗ್ಯಾಂಗು ಯಾಕೆ ಎಂದು ಮೇಸ್ತ್ರಿಯನ್ನೂ ನಾಲ್ವರನ್ನೂ ರಾಣೆಬೆನ್ನೂರಿನ ಆಚೆ, ಕುಪ್ಪೇಲೂರು ಕಡೆಗೆ ತೆಗ್ಗು ಮುಚ್ಚಲು ಹಾಕಿದರು. ಕೆಲಸ ಇಲ್ಲದಂತೆ ಮಾಡಿದ್ದೇ ಈ ಐವರ ಕೆಲಸವಾಗಿತ್ತು ಎಂಬುದನ್ನು ನಾನು ಎರಡು ಪುಟ ಬರೆದು ಕಳಿಸಿದೆ. ಉತ್ತರವಾಗಿ ಅದೇ ಆದೇಶದ ಇನ್ನೊಂದು ಪ್ರತಿ ಬಂತು.

ಮೊದಲ ಮಳೆಗಾಲಕ್ಕೆ ಗಟಾರ ತುಂಬಿತು. ರೈತರು ನಿರಾತಂಕವಾಗಿ ಮಣ್ಣು ಸುರಿದರು. ಎರಡನೆಯ ಮಳೆಗಾಲಕ್ಕೆ ಅಂಚುಗಳು ಕುಸಿದವು, ಮೂರನೆಯದಕ್ಕೆ ಎತ್ತಿನ ಗೊರಸು ಮುಳುಗುವಂಥ ತೆಗ್ಗುಗಳು ಬಿದ್ದವು. ಆಗ ಎಲ್ಲರಿಗೂ ರಸ್ತೆ ಕಂಡಿತು. ಪತ್ರಿಕೆಯಲ್ಲಿ ಚಿತ್ರ ಬಂತು, ನಾನು ತಖ್ತೆಯಲ್ಲಿ 'ಕೆಟ್ಟಿದೆ' ಎಂದು ಬರೆದೆ, ಹಣ ಸುರಿಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದು ಎಂದರೆ ಇದೇ. ಗಟಾರ ಬಳಿಯುವುದಕ್ಕೆ ಯಾರೂ ಭೂಮಿಪೂಜೆ ಮಾಡುವುದಿಲ್ಲ, ಹೊಸ ರಸ್ತೆಗೆ ಮಾಡುತ್ತಾರೆ. ಪೂಜೆ ಆಯಿತು, ಬೋರ್ಡು ನಿಂತಿತು, ಪೇಢೆ ಹಂಚಿದರು. ನನಗೂ ಒಂದು ಕೊಟ್ಟರು, ತಿಂದೆ.

ಅಷ್ಟರಲ್ಲಿ ಮೇಸ್ತ್ರಿ ನಿವೃತ್ತರಾಗಿ ರಸ್ತೆಯ ಪಕ್ಕದಲ್ಲೇ ಇದ್ದ ತಮ್ಮ ಊರಿನಲ್ಲಿದ್ದರು. ಪೂಜೆಯ ಮರುದಿನ ಕಚೇರಿಗೆ ಬಂದು ಒಂದೇ ಪ್ರಶ್ನೆ ಕೇಳಿದರು.

"ಹೊಸಾ ರೋಡಿಗೆ ಗಟಾರ ಐತೇನ್ರಿ ಬಾಯಾರ?"

ನಾನು ಎಸ್ಟಿಮೇಟಿನಲ್ಲಿ ಗಟಾರ ಹಾಕಿದ್ದೆ. ಅಷ್ಟು ಹಣವನ್ನು ಡಾಂಬರಿಗೆ ಸೇರಿಸಿದರೆ ರಸ್ತೆ ಇನ್ನಷ್ಟು ದಪ್ಪವಾಗುತ್ತದೆ ಎಂದು ಮೇಲಿನವರು ಅದನ್ನು ಹೊಡೆದು ಹಾಕಿದ್ದರು. ನಾನು ಸಹಿ ಮಾಡಿದ್ದೆ. "ಇಲ್ರಿ," ಎಂದೆ. ಮೇಸ್ತ್ರಿ ನನ್ನನ್ನು ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು. ಅವರು ನೀರು ಕುಡಿದು ಎದ್ದು ಹೋದರು.

ಕೊನೆಯ ಸಲ ಅವರನ್ನು ಕಂಡದ್ದು ಮುಂದಿನ ಮಳೆಗಾಲದಲ್ಲಿ. ಹೊಸ ರಸ್ತೆಯ ಪಕ್ಕ, ಅದೇ ಚೀಲದ ಕೊಪ್ಪೆ ಹಾಕಿಕೊಂಡು ಒಬ್ಬರೇ ಗಟಾರ ಅಗೆಯುತ್ತಿದ್ದರು. ನಾನು ಇಳಿದು ಕೊಡೆ ಹಿಡಿದೆ. ಈ ವಯಸ್ಸಿನಲ್ಲಿ ಯಾಕೆ, ಯಾರು ಹೇಳಿದರು ಎಂದು ಗದರಿದೆ.

"ಯಾರೂ ಹೇಳಿಲ್ರಿ. ಮೂರನೇ ಮೋರಿಗೆ ನೀರು ಮುಟ್ಟಿದ್ರ ಒಂದ ಕಿಲೋಮೀಟರ್ ಆದ್ರೂ ಉಳೀತೈತಿ. ಒಂಬತ್ತೂ ನನ್ನ ಕೈಲೆ ಆಗಂಗಿಲ್ಲ," ಎಂದರು. ಆಮೇಲೆ ನನ್ನ ಕಡೆ ನೋಡಿ, "ಛತ್ರಿ ನೀವ ಹಿಡ್ಕೋರಿ, ಥಂಡಿ ಆದೀತು," ಎಂದರು.

ಆ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಾನು ರಜೆಯಲ್ಲಿದ್ದೆ, ಸುದ್ದಿ ತಡವಾಗಿ ತಿಳಿಯಿತು.

ಈ ವರ್ಷದ ತಖ್ತೆ ಮೊನ್ನೆ ನನ್ನ ಟೇಬಲ್ಲಿಗೆ ಬಂತು. ಹೊಸ ರಸ್ತೆಯ ಎಂಟು ಕಿಲೋಮೀಟರ್ ಆಗಲೇ ತೆಗ್ಗು ಬಿದ್ದಿದೆ. ಅವರು ಅಗೆದ ಒಂದು ಕಿಲೋಮೀಟರ್ ಮಾತ್ರ ಕರ್ರಗೆ, ನುಣ್ಣಗೆ ಹಾಗೇ ಇದೆ. ಎಂಟು ಸಾಲು ಬೇಗ ತುಂಬಿದವು. ಉಳಿದ ಆ ಒಂದು ಸಾಲಿನ ಎದುರು ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಆಮೇಲೆ 'ಕೆಟ್ಟಿದೆ' ಎಂದು ಬರೆದೆ. ಅಂದು ಅವರು ಬಾಯಿಬಿಟ್ಟು ಕೇಳಿದ್ದ ಸುಳ್ಳನ್ನು, ಕೇಳಲು ಅವರಿಲ್ಲದ ಹೊತ್ತಿನಲ್ಲಿ ಬರೆದೆ.

ಹೊರಗೆ ಮಳೆ ಶುರುವಾಗಿತ್ತು. ಜೀಪು ತೆಗೆಸಿ ಆ ಕಿಲೋಮೀಟರಿಗೆ ಹೋಗಿ, ಕೊಡೆ ಬಿಚ್ಚಿ ನಡೆದೆ. ಮೂರನೆಯ ಮೋರಿಯ ಬಾಯಿಗೆ ಕಸ ಕಟ್ಟಿತ್ತು, ನೀರು ಹಿಂದಕ್ಕೆ ತಿರುಗಿ ಡಾಂಬರಿನ ಅಂಚಿಗೆ ಬಂದು ನಿಂತಿತ್ತು. ನಾನು ಬರೆದದ್ದು ಬಹಳ ದಿನ ಸುಳ್ಳಾಗಿ ಉಳಿಯುವುದಿಲ್ಲ.